ಮತ್ತೆ ಓಟಿಗೆ ಹೋದ ಮಕ್ಕಳು

ಏನು ಕೆಲಸ ಮಾಡುತ್ತೀರಿ ಎಂದು ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ, ಆಸ್ಪತ್ರೆಯಲ್ಲಿದ್ದೇನೆ ಎಂದಷ್ಟೇ ಹೇಳುತ್ತೇನೆ. ನರ್ಸಾ ಎಂದು ಕೇಳುತ್ತಾರೆ. ಮೊದಲು ಆಗಿದ್ದೆ ಎನ್ನುತ್ತೇನೆ. ಈಗ ಏನು ಎಂದು ಮುಂದುವರಿಸುವವರು ಕಡಿಮೆ. ಒಮ್ಮೆ ಚಿಕ್ಕಮ್ಮನ ಬೀಗಿತ್ತಿಯೊಬ್ಬರು ಬಿಡದೆ ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದೆ. ತಲೆಯ ಆಪರೇಷನ್ ಆದ ಮಕ್ಕಳಲ್ಲಿ ಎಷ್ಟು ಮಂದಿಗೆ ಎರಡನೇ ಸಲ ತಲೆ ತೆರೆಯಬೇಕಾಯಿತು ಎಂದು ಲೆಕ್ಕ ಇಡುತ್ತೇನೆ ಎಂದೆ. ಅವರು ತಮ್ಮ ಎಲೆಯ ಮೇಲಿದ್ದ ಒಬ್ಬಟ್ಟನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಆ ಕಡೆ ಕೂತವರ ಜೊತೆ ಮಾತು ಶುರು ಮಾಡಿದರು.

ನಾನು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ನರ್ಸಿಂಗ್ ಮುಗಿಸಿ ಒಂದು ಖಾಸಗಿ ಆಸ್ಪತ್ರೆ ಸೇರಿದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಬಹಳ ವರ್ಷ ಮಕ್ಕಳ ಮೆದುಳಿನ ಆಪರೇಷನ್ ನಡೆಯುವ ಓಟಿಯಲ್ಲಿ ಸರ್ಜನ್ ಕೈಗೆ ಸಾಮಾನು ಕೊಡುವ ಕೆಲಸ ಮಾಡಿದೆ. ಗಂಟೆಗಟ್ಟಲೆ ನಿಂತು, ಕತ್ತು ಬಗ್ಗಿಸಿ ಒಂದೇ ಕಡೆ ನೋಡುವ ಕೆಲಸ ಅದು. ಕೊನೆಗೆ ಕತ್ತಿನ ಮೂಳೆ ಸವೆಯಿತು. ಕೆಳಗಿನ ಮಹಡಿಯ ಮೂಳೆ ಡಾಕ್ಟರು, ಇನ್ನು ಓಟಿಗೆ ಹೋಗಬೇಡಿ ಎಂದು ಬರೆದುಕೊಟ್ಟರು. ಆಸ್ಪತ್ರೆಯವರು ನನ್ನನ್ನು ಕ್ವಾಲಿಟಿ ವಿಭಾಗಕ್ಕೆ ಹಾಕಿದರು. ನನ್ನ ಕೋಣೆಯ ಒಂದು ಗೋಡೆಯ ಆಚೆ ಲಾಂಡ್ರಿ. ಬೇಸಿಗೆಯಲ್ಲೂ ಗೋಡೆ ಬೆಚ್ಚಗಿರುತ್ತಿತ್ತು. ಕುರ್ಚಿ ಮಾತ್ರ ಚೆನ್ನಾಗಿತ್ತು.

ಪ್ರತಿ ವಿಭಾಗವೂ ತನ್ನ ಕೆಲಸ ಎಷ್ಟು ಚೆನ್ನಾಗಿದೆ ಎಂದು ತೋರಿಸುವ ಒಂದು ಅಳತೆ ಆರಿಸಿಕೊಳ್ಳಬೇಕು ಎಂದು ಆಡಳಿತದ ಮ್ಯಾನೇಜರ್ ಹೇಳಿದ್ದರು. ಹೊರಗಿನಿಂದ ಪರಿಶೀಲನೆಗೆ ಬರುವವರು ಅದನ್ನು ಕೇಳುತ್ತಾರಂತೆ. ಲಾಂಡ್ರಿಯವರು ಕಳೆದುಹೋದ ಬೆಡ್‌ಶೀಟ್ ಆರಿಸಿಕೊಂಡರು. ಅಡುಗೆಮನೆಯವರು ಆರಿದ ಊಟದ ಬಗ್ಗೆ ಬಂದ ದೂರು ಆರಿಸಿಕೊಂಡರು. ಮಕ್ಕಳ ಮೆದುಳಿನ ಶಸ್ತ್ರಚಿಕಿತ್ಸೆಗೆ ಮ್ಯಾನೇಜರೇ ಆರಿಸಿಕೊಟ್ಟರು. ಒಮ್ಮೆ ಆಪರೇಷನ್ ಆದ ಮಗು, ಮೊದಲೇ ಗೊತ್ತುಮಾಡದೆ, ಮೂವತ್ತು ದಿನದೊಳಗೆ ಮತ್ತೆ ಓಟಿಗೆ ಹೋದರೆ ಒಂದು ಲೆಕ್ಕ. ಮೂವತ್ತೇ ಯಾಕೆ ಎಂದು ಕೇಳಿದೆ. ಬೇರೆ ಕಡೆಯೂ ಮೂವತ್ತೇ ಎಂದರು. ಬೇರೆ ಕಡೆ ಯಾಕೆ ಹಾಗೆ ಎಂದು ನಾನು ಕೇಳಲಿಲ್ಲ, ಅವರಿಗೂ ಊಟದ ಹೊತ್ತಾಗಿತ್ತು.

ಕೇಳಲು ಇದು ಸುಲಭ. ಮೊದಲ ಸಲ ಸರಿಯಾಗಿ ಮಾಡಿದ್ದರೆ ಎರಡನೇ ಸಲ ಯಾಕೆ ಬೇಕು? ಆದರೆ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಲೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಆ ನೀರು ಇಳಿಯಲು ತಲೆಯೊಳಗಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೆ ಒಂದು ಸಣ್ಣ ಟ್ಯೂಬು ಹಾಕುತ್ತಾರೆ. ಡಾಕ್ಟರುಗಳು ಶಂಟ್ ಎನ್ನುತ್ತಾರೆ, ತಾಯಂದಿರು ಪೈಪು ಎನ್ನುತ್ತಾರೆ. ಅದು ಕಟ್ಟಿಕೊಳ್ಳಬಹುದು. ಸೋಂಕು ತಗಲಬಹುದು. ಮಗು ಉದ್ದ ಬೆಳೆದು ಪೈಪು ಗಿಡ್ಡವಾಗಬಹುದು. ಸೋಂಕು ತಗಲಿದರೆ ಎಲ್ಲೋ ಯಾರದೋ ಕೈ ಶುದ್ಧವಿರಲಿಲ್ಲ ಎನ್ನಬಹುದು. ಕಟ್ಟಿಕೊಂಡರೆ ಬಹಳ ಸಲ ಯಾರನ್ನೂ ಏನೂ ಅನ್ನುವ ಹಾಗಿಲ್ಲ. ನನ್ನ ಲೆಕ್ಕದಲ್ಲಿ ಎರಡೂ ಒಂದೇ.

ವಿಭಾಗದ ಮುಖ್ಯಸ್ಥರು ನಾನು ಅಷ್ಟು ವರ್ಷ ಪಕ್ಕದಲ್ಲಿ ನಿಂತಿದ್ದ ಸರ್ಜನ್ನೇ. ಗಿಡ್ಡಗಿದ್ದರು, ಮಾತು ಕಡಿಮೆ. ಆಪರೇಷನ್ ಮುಗಿದ ಮೇಲೆ ಓಟಿಯಲ್ಲಿದ್ದ ಪ್ರತಿಯೊಬ್ಬರನ್ನೂ ಊಟ ಆಯ್ತಾ ಎಂದು ಕೇಳುತ್ತಿದ್ದರು. ಯಾರಿಗೂ ಆಗಿರುತ್ತಿರಲಿಲ್ಲ, ಅವರಿಗೂ ಅದು ಗೊತ್ತಿತ್ತು. ನಾನು ಕುರ್ಚಿಯ ಕೆಲಸಕ್ಕೆ ಬಂದ ಮೇಲೂ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅಳತೆಯ ವಿಷಯ ಹೇಳಿದಾಗ ಒಳ್ಳೇದು ಎಂದರು.

ಮೊದಲ ವರ್ಷದ ಲೆಕ್ಕ ಬಹಳ ಚೆನ್ನಾಗಿ ಬಂತು. ಮ್ಯಾನೇಜರಿಗೆ ಖುಷಿಯಾಗಿ ಕೆಳಗಿನ ಹಾಲಿನಲ್ಲಿ, ಕಾಯುವವರ ಕುರ್ಚಿಗಳ ಎದುರಿಗೆ ಒಂದು ದೊಡ್ಡ ಬೋರ್ಡ್ ಹಾಕಿಸಿದರು. ಮಕ್ಕಳ ಮೆದುಳಿನ ಶಸ್ತ್ರಚಿಕಿತ್ಸೆ, ಮರು ಆಪರೇಷನ್ ಅತಿ ಕಡಿಮೆ ಎಂದು ಬರೆದಿತ್ತು. ಕೆಳಗೆ ನಗುವ ಮಗುವಿನ ಚಿತ್ರ. ಆ ಮಗುವಿನ ತಲೆ ತುಂಬ ಗುಂಗುರು ಕೂದಲಿತ್ತು. ನಮ್ಮ ವಾರ್ಡಿನಲ್ಲಿ ಅಂಥ ತಲೆ ನಾನು ನೋಡಿರಲಿಲ್ಲ. ಆಮೇಲಿಂದ ಪ್ರತಿ ತಿಂಗಳ ಮೀಟಿಂಗಿನಲ್ಲಿ ಆ ಲೆಕ್ಕ ಓದುವುದು ಶುರುವಾಯಿತು. ಯಾವ ತಿಂಗಳಲ್ಲಿ ಏನೂ ಇಲ್ಲವೋ ಆ ತಿಂಗಳು ಕ್ಲೀನ್ ಎನ್ನುತ್ತಿದ್ದರು. ಸರ್ಜನ್ ಕೂಡ ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಆರ್.ಟಿ. ನಗರದಿಂದ ಐದು ವರ್ಷದ ಹುಡುಗಿಯೊಬ್ಬಳು ವಾರ್ಡಿಗೆ ಬಂದಳು. ಹುಟ್ಟಿದ ಕೆಲವೇ ತಿಂಗಳಲ್ಲಿ ನಮ್ಮ ಸರ್ಜನ್ನೇ ಅವಳಿಗೆ ಪೈಪು ಹಾಕಿದ್ದರು. ಅದು ಹಳೆಯದಾಗಿ, ಹಿಂದಿನ ತಿಂಗಳಷ್ಟೇ ಹೊಸದು ಹಾಕಿ ಮನೆಗೆ ಕಳಿಸಿದ್ದರು. ಈಗ ಎದ್ದ ಕೂಡಲೇ ವಾಂತಿ, ಮಿಕ್ಕ ಹೊತ್ತು ಮಂಪರು. ಸ್ಕ್ಯಾನ್ ಮಾಡಿದರು. ಹಿಂದಿನದಕ್ಕಿಂತ ಸ್ವಲ್ಪ ಬದಲಾಗಿತ್ತು, ಸ್ವಲ್ಪ ಅಷ್ಟೇ. ಸರ್ಜನ್ ರೌಂಡ್ಸಿಗೆ ಬಂದಾಗ ಹುಡುಗಿ ನಿದ್ದೆ ಮಾಡುತ್ತಿದ್ದಳು. ಎಬ್ಬಿಸುವುದು ಬೇಡ, ಗಮನ ಇಟ್ಟು ನೋಡಿಕೊಳ್ಳಿ ಎಂದು ಹೇಳಿ ಓಪಿಡಿಗೆ ಹೋದರು.

ನಾನು ನನ್ನ ಕೆಲಸಕ್ಕೆಂದು ವಾರ್ಡಿಗೆ ಹೋಗಿದ್ದೆ. ಡ್ಯೂಟಿ ಡಾಕ್ಟರ್ ಓದು ಮುಗಿಸಿ ಹೆಚ್ಚು ದಿನವಾಗಿರದ ಹುಡುಗ. ತುಂಬ ಮರ್ಯಾದಸ್ಥ. ನನ್ನನ್ನು ನೋಡಿ ಕುರ್ಚಿ ಬಿಟ್ಟು ಎದ್ದ.

“ಮೇಡಂ, ಈ ಮಗುದು ಮೂವತ್ತು ದಿನ ಯಾವತ್ತಿಗೆ ಮುಗಿಯುತ್ತೆ?” ಎಂದು ಕೇಳಿದ.

ನಾನು ಬೆರಳು ಮಡಿಸಿ ಎಣಿಸಿ, ನಾಳೆಗೆ ಎಂದೆ. ಅವನು ತಲೆಯಾಡಿಸಿದ. ಯಾಕೆ ಎಂದು ಕೇಳಿದೆ.

“ಇವತ್ತೇ ಮಾಡೋ ಅಷ್ಟು ಅರ್ಜೆಂಟೇನಿಲ್ಲ ಅನ್ಸುತ್ತೆ ಮೇಡಂ. ನಾಳಿದ್ದು ಇನ್ನೊಂದ್ ಸ್ಕ್ಯಾನ್ ಮಾಡಿ ತಗೊಂಡ್ರೆ ನಿಮ್ಗೂ ಒಂದ್ ಕಮ್ಮಿ ಆಗುತ್ತಲ್ಲ.”

ಬಸ್ಸಿನಲ್ಲಿ ನನಗೆ ಸೀಟು ಹಿಡಿದಿಟ್ಟವನ ದನಿಯಲ್ಲಿ ಹೇಳಿದ. ಅವನ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಕೋಣೆಯಲ್ಲಿ ಕೂತು ಮಾಡಿದ ಲೆಕ್ಕ ಅಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಅದು ಮೇಲಕ್ಕೆ ಬಂದು ಮಗುವಿನ ಮಂಚದ ಪಕ್ಕ ನಿಂತಿತ್ತು.

ಹುಡುಗಿಯ ತಾಯಿ ಮಂಚದ ಆ ಬದಿಯಲ್ಲಿದ್ದಳು. ಗಂಡ ಹೆಂಡತಿ ಇಬ್ಬರೂ ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ನಡೆಸುತ್ತಾರೆ. ಗಂಡ ಗಾಜು ಕೊರೆಯುತ್ತಾನೆ, ಇವಳು ಗಿರಾಕಿಯ ಮುಖಕ್ಕೆ ಫ್ರೇಮು ಹೊಂದಿಸಿ ಕೊಡುತ್ತಾಳೆ. ನಾನು ಬಿಳಿ ಕೋಟು ಹಾಕಿದ್ದರಿಂದ ಡಾಕ್ಟರೆಂದುಕೊಂಡಳೋ ಏನೋ, ಕೈ ಮಾಡಿ ಕರೆದಳು.

“ಮೇಡಂ, ಇವಳು ಮೇಲಕ್ಕೆ ನೋಡ್ತಾ ಇಲ್ಲ. ನಿನ್ನೆ ಅಂಗಡಿಲಿ ಗಡಿಯಾರ ತೋರ್ಸಿದೆ. ಕಣ್ಣು ಎತ್ತಲ್ಲ, ಗದ್ದ ಎತ್ತುತಾಳೆ. ಡಾಕ್ಟ್ರಿಗೆ ಹೇಳಿದ್ರೆ ಸುಸ್ತು ಅಂದ್ರು.”

ಹೇಳಿ, ಮಗಳ ಗಲ್ಲ ತಟ್ಟಿ ಎಬ್ಬಿಸಿದಳು. ಉಪ್ಪರ್ ದೇಖ್ ಅಮ್ಮಾ ಎಂದು ತನ್ನ ಬಳೆ ಇದ್ದ ಕೈಯನ್ನು ಮಗಳ ಹಣೆಯ ಮೇಲೆ ಎತ್ತಿ ಹಿಡಿದಳು. ಮಗು ಬಳೆ ನೋಡಲು ಇಡೀ ತಲೆಯನ್ನು ಹಿಂದಕ್ಕೆ ವಾಲಿಸಿತು. ತಾಯಿ ಇನ್ನೊಂದು ಕೈಯಿಂದ ಹಣೆಯನ್ನು ಮೆಲ್ಲಗೆ ಒತ್ತಿ ಹಿಡಿದಳು. ಆಗ ಕಣ್ಣುಗಳು ಸ್ವಲ್ಪ ಮೇಲೆ ಬಂದು ಅಲ್ಲಿಂದ ಮುಂದೆ ಹೋಗಲಾರದೆ ನಿಂತವು. ತಲೆಯಲ್ಲಿ ನೀರಿನ ಒತ್ತಡ ಏರಿದಾಗ ಹೀಗಾಗುತ್ತದೆ ಎಂಬುದು ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಡ್ಯೂಟಿ ಡಾಕ್ಟರಿಗೂ ಗೊತ್ತಿತ್ತು. ಅವನು ನೋಡಿದಾಗಲೆಲ್ಲ ಮಗು ಕಣ್ಣು ಮುಚ್ಚಿತ್ತು.

ನಾನು ಓಪಿಡಿಗೆ ಹೋದೆ. ಸರ್ಜನ್ ಒಂದು ಕೂಸಿನ ತಲೆಯ ಸುತ್ತಳತೆ ತೆಗೆಯುತ್ತಿದ್ದರು. ಅದು ಮುಗಿಯುವವರೆಗೆ ಬಾಗಿಲಲ್ಲಿ ನಿಂತು, ಆಮೇಲೆ ಎರಡು ವಿಷಯ ಹೇಳಿದೆ. ಹುಡುಗಿ ಮೇಲೆ ನೋಡುತ್ತಿಲ್ಲ ಎಂಬುದು ಒಂದು. ಮೂವತ್ತು ದಿನ ಯಾವತ್ತಿಗೆ ಮುಗಿಯುತ್ತದೆ ಎಂದು ವಾರ್ಡಿನಲ್ಲಿ ನನ್ನನ್ನು ಕೇಳಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಎದ್ದು ನಿಂತರು. ಎರಡನೆಯದು ಕೇಳಿ, ಕೈಯಲ್ಲಿದ್ದ ಟೇಪನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟರು. ಯಾರು ಕೇಳಿದರು ಎಂದು ಕೇಳಲಿಲ್ಲ. ಹೊರಗೆ ಕೂತಿದ್ದ ತಂದೆತಾಯಿಗಳಿಗೆ ಸ್ವಲ್ಪ ತಡವಾಗುತ್ತದೆ ಎಂದು ಹೇಳಿ ಮೆಟ್ಟಿಲು ಹತ್ತಿದರು. ನಾನು ಕತ್ತು ಹಿಡಿದುಕೊಂಡು ಹಿಂದೆ ಹತ್ತಿದೆ.

ಮಂಚದ ಮೇಲೆ ಕೂತು, ಪೆನ್ನು ಎತ್ತಿ ಹಿಡಿದು ಅವರೂ ಅದೇ ಪರೀಕ್ಷೆ ಮಾಡಿದರು. ಮಗು ಗದ್ದ ಎತ್ತಿತು. ಪೆನ್ನು ಜೇಬಿಗೆ ಹಾಕಿಕೊಂಡು, ಓಟಿ ತಯಾರು ಮಾಡಲು ಹೇಳಿದರು. ತಾಯಿಗೆ, ಪೈಪು ಕಟ್ಟಿಕೊಂಡಿರಬೇಕು, ಇವತ್ತೇ ತೆಗೆದು ನೋಡುತ್ತೇನೆ ಎಂದು ವಿವರಿಸಿದರು. ಅವಳು ಎಲ್ಲಕ್ಕೂ ಹೂಂಗುಟ್ಟಿ, ಸಹಿ ಎಲ್ಲಿ ಎಂದಷ್ಟೇ ಕೇಳಿದಳು. ಆಮೇಲೆ ಅವರು ನನ್ನ ಕಡೆ ತಿರುಗಿದರು.

“ಬರ್ಕೊಳ್ಳಿ ಸಿಸ್ಟರ್. ಗೊತ್ತುಮಾಡಿದ್ದಲ್ಲ. ಮೂವತ್ತರ ಒಳಗೆ.”

ಆಪರೇಷನ್ ವಿಷಯ ಓಟಿಯ ಹಳೆಯ ಗೆಳತಿಯಿಂದ ಕೇಳಿ ತಿಳಿದೆ. ಪೈಪಿನ ತಲೆಯ ಕಡೆಯ ತುದಿ ಪೂರ್ತಿ ಕಟ್ಟಿತ್ತು. ಅದನ್ನು ಬಿಡಿಸಿದ ಕೂಡಲೇ ನೀರು ನಲ್ಲಿಯ ಹಾಗೆ ಚಿಮ್ಮಿತಂತೆ. ಇನ್ನೆರಡು ದಿನ ಬಿಟ್ಟಿದ್ದರೆ ಕಣ್ಣಿಗೋ ಜೀವಕ್ಕೋ ಅಪಾಯವಿತ್ತು. ಸರ್ಜನ್ ಎಲ್ಲರನ್ನೂ ಊಟ ಆಯ್ತಾ ಎಂದು ಕೇಳಿದ್ದರಂತೆ, ಆವತ್ತು ಮಾತ್ರ ಉತ್ತರಕ್ಕೆ ಕಾಯದೆ ಹೊರಗೆ ಹೋದರಂತೆ. ಮಾರನೆಯ ದಿನ ನಾನು ವಾರ್ಡಿಗೆ ಹೋದಾಗ ಹುಡುಗಿ ಇಡ್ಲಿ ಬೇಡ ಎಂದು ಜಗಳವಾಡುತ್ತಿದ್ದಳು. ನಾನು ಬಂದಿದ್ದಕ್ಕೆ ಮಂಚದಿಂದಲೇ ಕಣ್ಣು ಮೇಲೆತ್ತಿ ನೋಡಿದಳು. ಇಷ್ಟವಾಗದೆ ಕೆಳಗೆ ನೋಡಿದಳು. ಎರಡೂ ಸರಿಯಾಗಿದ್ದವು.

ಡ್ಯೂಟಿ ಡಾಕ್ಟರನ್ನು ಸರ್ಜನ್ ಕೋಣೆಗೆ ಕರೆಸಿದಾಗ ನಾನೂ ಅಲ್ಲಿದ್ದೆ. ಬೈಯುತ್ತಾರೆ ಎಂದುಕೊಂಡು ಅವನು ಬೆವೆತಿದ್ದ. ಕಾಯೋಣ ಎಂಬ ಯೋಚನೆ ಹೇಗೆ ಬಂತು ಎಂದಷ್ಟೇ ಅವರು ಕೇಳಿದರು. ಅವನು ನೆಲ ನೋಡುತ್ತ, “ಸರ್, ಈ ತಿಂಗಳು ಕ್ಲೀನ್ ಇರ್ಲಿ ಅಂತ ನೀವೇ ಮೀಟಿಂಗಲ್ಲಿ ಹೇಳಿದ್ರಿ” ಎಂದ.

ಹೇಳಿದ್ದು ನಿಜ. ನನಗೂ ನೆನಪಿತ್ತು, ಅವರಿಗೂ ನೆನಪಿತ್ತು. ಇನ್ಮೇಲೆ ಆ ಮಾತು ನಾನು ಆಡಲ್ಲ, ನೀನು ನಿದ್ದೆ ಮಾಡೋ ಮಗುನ ಎಬ್ಬಿಸಿ ಕಣ್ಣು ನೋಡು, ನಾನೂ ನೋಡ್ತೀನಿ ಎಂದು ಹೇಳಿ ಅವನನ್ನು ಕಳಿಸಿದರು. ಆಮೇಲೆ ನನಗೆ ಒಂದು ಕೆಲಸ ಹೇಳಿದರು. ಹಿಂದಿನ ವರ್ಷ ಆಪರೇಷನ್ ಆಗಿ, ಮತ್ತೆ ನಮ್ಮ ಕಡೆ ತಲೆಹಾಕದ ಮಕ್ಕಳ ಮನೆಗಳಿಗೆಲ್ಲ ಫೋನ್ ಮಾಡಿ ಹೇಗಿದ್ದಾರೆ ಎಂದು ಕೇಳಬೇಕು. ವಾಪಸ್ ಬರದವರೆಲ್ಲ ವಾಸಿಯಾದವರು ಎಂದು ನಾವು ಇಷ್ಟು ದಿನ ಎಣಿಸಿದ್ದೆವು.

ಲಾಂಡ್ರಿಯ ಗೋಡೆಗೆ ಬೆನ್ನು ಕೊಟ್ಟು ಫೋನ್ ಮಾಡುತ್ತ ಹೋದೆ. ಆಸ್ಪತ್ರೆಯಿಂದ ಎಂದ ಕೂಡಲೇ ಕೆಲವರು ಬಿಲ್ಲು ಕಟ್ಟಿದ್ದೇವೆ ಎಂದು ಹೇಳಿ ಇಟ್ಟುಬಿಟ್ಟರು. ಒಬ್ಬ ಅಜ್ಜಿ ಮೊಮ್ಮಗ ಆರಾಮಾಗಿದ್ದಾನೆ ಎಂದು ಹೇಳಿ, ನನ್ನ ಕತ್ತು ನೋವಿನ ಕಥೆಯನ್ನೂ ಕೇಳಿ, ಎಳ್ಳೆಣ್ಣೆ ಹಚ್ಚಲು ಹೇಳಿದರು. ಹೆಚ್ಚಿನ ಮಕ್ಕಳು ನಿಜವಾಗಿಯೂ ಚೆನ್ನಾಗಿದ್ದರು. ಎಲ್ಲರೂ ಅಲ್ಲ. ಕೆಲವು ಮಕ್ಕಳಿಗೆ ಎರಡನೇ ಆಪರೇಷನ್ ಬೇರೆ ಆಸ್ಪತ್ರೆಗಳಲ್ಲಿ ಆಗಿತ್ತು. ನಮ್ಮ ಲೆಕ್ಕದಲ್ಲಿ ಅವರೆಲ್ಲ ಕ್ಲೀನ್.

ಅವರಲ್ಲಿ ಒಂದು ಮನೆ ಬಾಗಲಗುಂಟೆಯಲ್ಲಿತ್ತು, ನಾನಿರುವ ರಸ್ತೆಯಿಂದ ಎರಡು ರಸ್ತೆ ಆಚೆ. ತಂದೆ ರಾಯಚೂರು ಕಡೆಯವರು, ದಾಸರಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮೂರು ವರ್ಷದ ಮಗನಿಗೆ ನಮ್ಮಲ್ಲಿ ಪೈಪು ಹಾಕಿದ್ದರು. ಕೆಲವೇ ವಾರಗಳಲ್ಲಿ ಸೋಂಕು ತಗಲಿ, ಬೇರೆ ಕಡೆ ತೆಗೆಸಿ ಹೊಸದು ಹಾಕಿಸಿದ್ದರು. ಫೋನಿನಲ್ಲಿ ಅವರು ನನ್ನನ್ನೇ ಸಮಾಧಾನ ಮಾಡಿದರು. “ನಿಮ್ದೇನ್ ತಪ್ಪಿಲ್ರಿ ಮೇಡಮ್. ಹುಡುಗ ಈಗ ಆರಾಮ ಅದಾನ.”

ಇದನ್ನು ಸರ್ಜನ್‌ಗೆ ಹೇಳಿದೆ. ಭಾನುವಾರ ಅವರು ಇದ್ದಾರೇನು ಕೇಳಿ ಎಂದರು. ಆ ಭಾನುವಾರ ಬೆಳಗ್ಗೆ ತಮ್ಮ ಕಾರನ್ನು ಹೆಸರಘಟ್ಟ ರಸ್ತೆಯಲ್ಲೇ ನಿಲ್ಲಿಸಿ, ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ಬಾಳೆಹಣ್ಣು ಕೊಂಡರು. ಯಾವ ಡಾಕ್ಟರೂ ಹೀಗೆ ಮನೆಗೆ ಹೋಗಿದ್ದನ್ನು ನಾನು ಕಂಡಿರಲಿಲ್ಲ. ಹೋಗಿ ಏನು ಹೇಳುತ್ತಾರೆ ಎಂದೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಮನೆ ಬರುವವರೆಗೂ ಬಾಗಲಗುಂಟೆಯಲ್ಲಿ ಕಾವೇರಿ ನೀರು ಬರುತ್ತದಾ ಎಂಬ ವಿಷಯ ಮಾತಾಡಿದರು.

ಒಂದು ಕೋಣೆಯ ಬಾಡಿಗೆ ಮನೆ. ಹುಡುಗನ ತಾಯಿ ಚಹಾ ಮಾಡಿದರು. ಹುಡುಗ ಬಾಳೆಹಣ್ಣಿನ ಚಿಪ್ಪಿನ ಮೇಲೇ ಕಣ್ಣಿಟ್ಟಿದ್ದ. ಸರ್ಜನ್ ಅವನಿಗೆ ಒಂದು ಹಣ್ಣು ಸುಲಿದುಕೊಟ್ಟು, ಅವನು ತಿನ್ನುವಾಗ ಕಿವಿಯ ಹಿಂದೆ ಬೆರಳಿಟ್ಟು, ಚರ್ಮದ ಕೆಳಗೆ ಉಬ್ಬಿದ್ದ ಪೈಪಿನ ಗುಂಡಿ ಒತ್ತಿ ನೋಡಿದರು. ಒಳ್ಳೆಯ ಕೆಲಸ ಮಾಡಿದ್ದಾರೆ ಎಂದರು, ಬೇರೆ ಆಸ್ಪತ್ರೆಯವರ ಬಗ್ಗೆ. ಆಮೇಲೆ, ಜ್ವರ ಬಂದಾಗ ನಮ್ಮ ಕಡೆ ಯಾಕೆ ಬರಲಿಲ್ಲ ಎಂದು ಕೇಳಿದರು. ಆರೋಪ ಮಾಡುವವರ ಹಾಗೆ ಕೇಳಲಿಲ್ಲ.

“ಬಂದಿದ್ವಿ ಸರ್,” ಎಂದರು ತಂದೆ. “ಕೆಳಗ ಕೂಡ್ರಿಸಿದ್ರು. ಡಾಕ್ಟ್ರ ಓಪಿಡಿ ಗುರುವಾರ, ಆವತ್ತ ಬರ್ರಿ ಅಂದ್ರು. ನಾವ್ ಬಂದಿದ್ದು ಸೋಮವಾರ. ಎದುರಿಗೆ ನಿಮ್ಮ ಬೋರ್ಡ್ ಇತ್ತಲ್ರಿ, ಅದನ್ನ ಓದ್ಕೋತ ಸ್ವಲ್ಪ ಹೊತ್ತು ಕುಂತ್ವಿ. ಹುಡುಗನ ಮೈ ಸುಡಾಕತ್ತಿತ್ತು. ಆಮ್ಯಾಲ ಎದ್ದು ಹ್ವಾದ್ವಿ.”

ಸರ್ಜನ್ ಲೋಟ ಕೆಳಗಿಟ್ಟು, ತಪ್ಪಾಯಿತು ಎಂದರು. ಆ ತಂದೆ, ಇನ್ನೊಂದು ಚೂರು ಚಹಾ ತಗೊಳ್ರಿ ಎಂದರು. ಸರ್ಜನ್ ತಗೊಂಡರು. ವಾಪಸ್ ಹೆಸರಘಟ್ಟ ರಸ್ತೆಗೆ ನಡೆದು ಬಂದೆವು. ಕಾರು ಹತ್ತುವ ಮೊದಲು, ಆ ಬೋರ್ಡ್ ನಾಳೆಯೇ ತೆಗೆಸಬೇಕು ಎಂದರು.

ನಾಳೆಯೇ ತೆಗೆಸಲಾಗಲಿಲ್ಲ, ಅದಕ್ಕೊಂದು ಮೀಟಿಂಗ್ ಬೇಕಾಯಿತು. ನಾನು ಎರಡು ಲೆಕ್ಕ ಓದಿದೆ. ಒಂದು ಹಳೆಯದು, ಇನ್ನೊಂದು ಫೋನ್ ಮಾಡಿದ ಮೇಲೆ ಸಿಕ್ಕಿದ್ದು. ಎರಡನೆಯದು ಅಷ್ಟು ಚೆನ್ನಾಗಿರಲಿಲ್ಲ. ಹಳೆಯ ಲೆಕ್ಕವನ್ನು ಬೋರ್ಡಿಗೆ ಇಟ್ಟುಕೊಂಡು ಹೊಸದನ್ನು ಒಳಗಿನ ಉಪಯೋಗಕ್ಕೆ ಇಟ್ಟುಕೊಳ್ಳಬಹುದಲ್ಲ ಎಂದು ಮ್ಯಾನೇಜರ್ ಕೇಳಿದರು. ಅವರು ಕೆಟ್ಟವರಲ್ಲ, ಬೋರ್ಡ್ ಮಾಡಿಸಲು ಓಡಾಡಿದವರು. ಸರ್ಜನ್, ಹಾಗಾದರೆ ಬೋರ್ಡಿನ ಕೆಳಗೆ ಜ್ವರ ಬಂದ ಆ ಹುಡುಗನನ್ನು ವಾಪಸ್ ಕಳಿಸಿದ ವಿಷಯವನ್ನೂ ಬರೆಸೋಣ ಎಂದರು. ಅವರ ಮುಖ ಸಾಧಾರಣವಾಗೇ ಇತ್ತು, ತಮಾಷೆಯೋ ಅಲ್ಲವೋ ಗೊತ್ತಾಗಲಿಲ್ಲ. ಮ್ಯಾನೇಜರ್ ಅಪಾಯ ಬೇಡವೆಂದು ಬೋರ್ಡ್ ತೆಗೆಸಿದರು.

ಅಲ್ಲಿಂದ ಕೆಲವು ಸಂಗತಿಗಳು ಬದಲಾದವು. ಪೈಪು ಇರುವ ಮಗುವಿಗೆ ವಾಂತಿ, ಜ್ವರ, ಮಂಪರು ಏನೇ ಬಂದರೂ ವಾರ ನೋಡದೆ ನೇರ ವಾರ್ಡಿಗೆ ಕಳಿಸಬೇಕು ಎಂದು ಕೆಳಗಿನ ಕೌಂಟರಿನ ಹುಡುಗಿಯರಿಗೆ ಹೇಳಿಕೊಟ್ಟೆವು. ಮೂವತ್ತು ದಿನದ ಗೆರೆ ಅಳಿಸಿ, ವರ್ಷ ಪೂರ್ತಿ ಎಣಿಸುವುದು ಎಂದಾಯಿತು. ಎರಡನೇ ಸಲ ಯಾಕೆ ಮಾಡಬೇಕಾಯಿತು ಎಂಬುದನ್ನೂ ಬೇರೆ ಬೇರೆ ಮಾಡಿದೆವು. ಕಟ್ಟಿಕೊಂಡದ್ದು ಒಂದು ಕಡೆ, ಸೋಂಕು ಇನ್ನೊಂದು ಕಡೆ.

ಸೋಂಕನ್ನು ಹಾಗೆ ಬೇರೆ ಇಟ್ಟು ನೋಡಿದಾಗ ನನಗೇ ಮುಜುಗರವಾಯಿತು. ಮಧ್ಯಾಹ್ನದ ಮೇಲೆ ಮಾಡಿದ ಆಪರೇಷನ್‌ಗಳಲ್ಲೇ ಅದು ಹೆಚ್ಚು ಕಂಡಿತು. ಯಾಕೆ ಎಂದು ನಾಲ್ಕು ದಿನ ಓಟಿಯ ಹೊರಗೆ ಸ್ಟೂಲ್ ಹಾಕಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಆ ಬಾಗಿಲು ಸಂತೆಯ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತಿತ್ತು, ಪ್ರತಿ ಸಲ ಹೊರಗಿನ ಗಾಳಿ ಒಳಗೆ ಹೋಗುತ್ತಿತ್ತು. ಒಬ್ಬರು ದಾರ ತರಲು ಹೋಗುತ್ತಾರೆ, ಒಬ್ಬರು ಮುಂದಿನ ಕೇಸು ಯಾವಾಗ ಎಂದು ಕೇಳಲು ತಲೆ ಹಾಕುತ್ತಾರೆ, ಒಬ್ಬರು ಚಾರ್ಜರ್ ಹುಡುಕುತ್ತಾರೆ. ಒಳಗೆ ನಿಂತಿದ್ದ ವರ್ಷಗಳಲ್ಲಿ ನನ್ನ ಬೆನ್ನು ಬಾಗಿಲಿಗಿರುತ್ತಿತ್ತು. ಆಮೇಲೆ ಪೈಪಿನ ಆಪರೇಷನ್ ಬೆಳಗ್ಗೆ ಮೊದಲನೆಯದು ಎಂದಾಯಿತು. ಶುರುವಾದ ಮೇಲೆ ಬಾಗಿಲು ತೆರೆಯುವಂತಿಲ್ಲ. ಒಮ್ಮೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸರ್ಜನ್ನೇ ತಡವಾಗಿ ಬಂದರು. ಒಳಗೆ ಜೂನಿಯರ್ ಸರ್ಜನ್ ಶುರು ಮಾಡಿಬಿಟ್ಟಿದ್ದರು. ಇವರು ಕೈ ತೊಳೆದು, ಬಾಗಿಲ ಗಾಜಿನಲ್ಲಿ ನೋಡಿ, ಎಲ್ಲ ಸರಿಯಿದೆ ಎಂದು ಕಂಡ ಮೇಲೆ ನನ್ನ ಸ್ಟೂಲ್ ಮೇಲೆ ಕೂತು ಮುಗಿಯುವವರೆಗೆ ಕಾದರು. ಸೋಂಕು ಕಡಿಮೆಯಾಯಿತು. ಅಳತೆಯಿಂದ ಉಪಯೋಗವೇ ಇಲ್ಲ ಎಂದು ಹೇಳುವವರಿಗೆ ನಾನು ಈ ಬಾಗಿಲಿನ ಕಥೆ ಹೇಳುತ್ತೇನೆ.

ಆದರೆ ಒಟ್ಟು ಲೆಕ್ಕ ಇಳಿಯಲಿಲ್ಲ, ಏರಿತು. ಪೈಪು ಕಟ್ಟಿಕೊಂಡ ಮಕ್ಕಳು ಈಗ ಬೇರೆ ಕಡೆ ಹೋಗದೆ ನಮ್ಮಲ್ಲಿಗೇ ಬರುತ್ತಿದ್ದರು, ಬೇಗ ಬರುತ್ತಿದ್ದರು. ಬಂದ ದಿನವೇ ಅವರನ್ನು ಓಟಿಗೆ ಕರೆದೊಯ್ಯುತ್ತಿದ್ದರು. ನಮ್ಮ ಕೆಲಸ ಸುಧಾರಿಸಿದಷ್ಟೂ ನಮ್ಮ ಅಂಕಿ ಕೆಡುತ್ತ ಹೋಯಿತು. ಇದನ್ನು ಒಂದು ವಾಕ್ಯದಲ್ಲಿ ವಿವರಿಸಿ ಎಂದು ಮ್ಯಾನೇಜರ್ ಕೇಳಿದರು. ಆಗುವುದಿಲ್ಲ ಎಂದೆ. ಒಂದು ಪುಟ ಬರೆದುಕೊಟ್ಟೆ. ಓದಿದರೋ ಇಲ್ಲವೋ, ನಾನು ಕೇಳಲಿಲ್ಲ.

ಕನ್ನಡಕದ ಅಂಗಡಿಯ ತಾಯಿ ಒಮ್ಮೆ ಮಗಳನ್ನು ಎತ್ತಿಕೊಂಡು ಓಡಿಬಂದಳು. ಶಾದಿ ಮಹಲಿನಿಂದ ನೇರ ಬಂದಿದ್ದಳು, ಮೈಮೇಲೆ ಜರಿಯ ದುಪಟ್ಟಾ, ಕೈತುಂಬ ಮೆಹಂದಿ. ಹುಡುಗಿ ದಾರಿಯುದ್ದಕ್ಕೂ ವಾಂತಿ ಮಾಡಿದ್ದಳಂತೆ. ಕೌಂಟರಿನ ಹುಡುಗಿ ಏನೂ ಕೇಳದೆ ಮೇಲೆ ಕಳಿಸಿದಳು. ಡ್ಯೂಟಿ ಡಾಕ್ಟರ್, ಅದೇ ಹುಡುಗ, ಮಗುವನ್ನು ಕೂರಿಸಿ ಮೊದಲು ಕಣ್ಣು ನೋಡಿದ. ಕಣ್ಣುಗಳು ಎಲ್ಲ ಕಡೆ ತಿರುಗಿದವು. ಸ್ಕ್ಯಾನ್ ಮಾಡಿದರು, ಹಿಂದಿನ ಹಾಗೇ ಇತ್ತು. ಸರ್ಜನ್ ಬಂದು ಹೊಟ್ಟೆ ಒತ್ತಿ, ಏನು ತಿಂದೆ ಎಂದು ಕೇಳಿದಾಗ ಹುಡುಗಿ ಬಹಳ ವಿವರವಾಗಿ ಹೇಳಿದಳು. ಬಿರಿಯಾನಿ ಎರಡು ಸಲ, ಆಮೇಲೆ ಯಾರದೋ ತಟ್ಟೆಯಿಂದ ಇನ್ನಷ್ಟು, ಆಮೇಲೆ ಐಸ್‌ಕ್ರೀಮ್.

ತಾಯಿಗೆ ನಾಚಿಕೆಯಾಗಿ, ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಳು. “ಸಾರಿ ಮೇಡಂ. ಸುಮ್ನೆ ಎಲ್ಲರಿಗೂ ತೊಂದ್ರೆ ಕೊಟ್ಟೆ. ಇದೂ ನಿಮ್ ಲೆಕ್ಕಕ್ಕೆ ಬರುತ್ತಾ?”

ಬಿರಿಯಾನಿಗೆ ನಮ್ಮಲ್ಲಿ ಅಳತೆ ಇಲ್ಲ ಎಂದೆ. ಆಮೇಲೆ, ಹೀಗೇ ಬರುತ್ತಿರಿ ಎಂದೂ ಹೇಳಿದೆ. ಆಸ್ಪತ್ರೆಯಲ್ಲಿ ಯಾರೂ ಹೇಳಬಾರದ ಮಾತು ಅದು. ಅವಳು ತಪ್ಪು ತಿಳಿಯಲಿಲ್ಲ, ಆಯ್ತು ಮೇಡಂ ಎಂದಳು.

ಈ ವರ್ಷ ಪರಿಶೀಲನೆಗೆ ಹೊರಗಿನಿಂದ ಒಬ್ಬರು ಬಂದರು. ಇಸ್ತ್ರಿ ಮಾಡಿದ ಶರ್ಟು, ಸೌಮ್ಯ ಸ್ವಭಾವ. ಲಾಂಡ್ರಿಯ ಬೆಡ್‌ಶೀಟ್ ಲೆಕ್ಕ ನೋಡಿ ಮೆಚ್ಚಿದರು. ನಮ್ಮ ಲೆಕ್ಕ ನೋಡಿ ಹುಬ್ಬೇರಿಸಿದರು. ಬೇರೆ ಆಸ್ಪತ್ರೆಗಳಲ್ಲಿ ಇದು ಇಷ್ಟಿಲ್ಲವಲ್ಲ ಎಂದರು. ಅವರು ಮನೆಗಳಿಗೆ ಫೋನ್ ಮಾಡುತ್ತಾರಾ ಎಂದು ಕೇಳಿದೆ. ಅದು ಅವರ ಪ್ರಶ್ನೆಗಳಲ್ಲಿ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಅವರು ತಾಳ್ಮೆಯಿಂದ ಕೇಳಿದರು, ನಡುವೆ ಎರಡು ಸಲ ಹೌದಾ ಎಂದರು. ಮುಗಿದ ಮೇಲೆ, ನನಗೆ ಅರ್ಥವಾಯಿತು ಮೇಡಂ, ಆದರೆ ನಮ್ಮ ಹಾಳೆಯಲ್ಲಿ ಇದನ್ನು ಬರೆಯಲು ಜಾಗ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಇದ್ದ ಜಾಗದಲ್ಲಿ ಅವರು ಬರೆದದ್ದು ಇಷ್ಟು: ಮಕ್ಕಳ ವಿಭಾಗದಲ್ಲಿ ಮರು ಶಸ್ತ್ರಚಿಕಿತ್ಸೆ ಹೆಚ್ಚು, ಕಾರಣ ಕಂಡುಕೊಳ್ಳುವುದು.

ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕಿತ್ತು. ತೆಗೆದುಕೊಂಡು ಹೋದಾಗ ಸರ್ಜನ್ ಓಟಿಯಿಂದ ಆಗತಾನೆ ಬಂದಿದ್ದರು, ತಲೆಯ ಮೇಲೆ ಟೋಪಿ ಹಾಗೇ ಇತ್ತು. ನಿಂತುಕೊಂಡೇ ಓದಿದರು. ಬೇಸರವಾಗುತ್ತದೆ ಎಂದುಕೊಂಡಿದ್ದೆ, ನನಗಂತೂ ಆಗಿತ್ತು.

“ಕಾರಣ ಕಂಡ್ಕೊಳ್ಳಿ ಅಂದಿದಾರೆ. ಕಂಡ್ಕೊಳ್ಳೋಣ, ತಪ್ಪೇನಿದೆ” ಎಂದು ಸಹಿ ಹಾಕಿ, ಹಾಳೆ ನನ್ನ ಕೈಗೆ ಕೊಟ್ಟು, ನನಗೆ ಊಟ ಆಯ್ತಾ ಎಂದು ಕೇಳಿದರು. ನನಗೆ ಆವತ್ತು ಆಗಿತ್ತು.